ಚಿರತೆ ಮೊದಲು ಚುನಾವಣಾ ಚಿಹ್ನೆಯಾಗಿತ್ತು

ಬ್ಲ್ಯಾಕ್ ಪ್ಯಾಂಥರ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣೆದುರು ಬರುವುದು ಒಂದೇ ಚಿತ್ರ. ಕಪ್ಪು ಚರ್ಮದ ಕೋಟು, ಓರೆಯಾಗಿ ಇಟ್ಟ ಟೋಪಿ, ಕೈಯಲ್ಲಿ ಬಂದೂಕು, ಮೇಲೆತ್ತಿದ ಮುಷ್ಟಿ. ಈ ಚಿತ್ರ ಈಗ ಟೀ ಶರ್ಟಿನ ಮೇಲಿದೆ, ಪೋಸ್ಟರಿನಲ್ಲಿದೆ, ಮೊಬೈಲಿನ ಪರದೆಯ ಮೇಲಿದೆ. ಸಾಮಾಜಿಕ ನ್ಯಾಯದ ಮಾತಾಡುವ ಎಳೆಯರು ಅಮೆರಿಕದ ಕಪ್ಪು ಜನರ ಹೋರಾಟದಿಂದ ಸ್ಫೂರ್ತಿ ಪಡೆದಿದ್ದೇವೆ ಎನ್ನುವಾಗ ಬಹುಮಟ್ಟಿಗೆ ಈ ಚಿತ್ರದ ಬಗ್ಗೆಯೇ ಹೇಳುತ್ತಿರುತ್ತಾರೆ. ಅವಮಾನ ಉಂಡವರಿಗೆ ತಲೆ ಎತ್ತಿ ನಿಂತ ಮನುಷ್ಯನ ಚಿತ್ರ ಬೇಕೇ ಬೇಕು. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ.

ಆದರೆ ಆ ಚಿರತೆ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಬೇರೆಯೇ ಆಗಿದೆ. ಅದು ನಗರದ ಬೀದಿಯಲ್ಲಿ ಬಂದೂಕಿನ ಜೊತೆ ಹುಟ್ಟಿದ್ದಲ್ಲ. ಅಕ್ಷರ ಬಾರದ ಗೇಣಿದಾರರು ಗುರುತಿಸಿ ಮತ ಹಾಕಲೆಂದು ಮಾಡಿದ ಚುನಾವಣಾ ಚಿಹ್ನೆ ಅದು. ಕಪ್ಪು ಜನರ ತೀವ್ರಗಾಮಿ ರಾಜಕಾರಣದಿಂದ ಇಂದಿನ ಹೋರಾಟಗಾರರು ಕಲಿಯಬೇಕಾದದ್ದು ಏನು ಎಂಬ ಪ್ರಶ್ನೆಗೆ ಉತ್ತರ ಈ ಒಂದು ಸಂಗತಿಯಲ್ಲೇ ಅಡಗಿದೆ ಎಂದು ನನ್ನ ತಿಳುವಳಿಕೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ ಒಂದು ಕೌಂಟಿ ಲೌಂಡ್ಸ್. ಕೌಂಟಿ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ಜಿಲ್ಲೆ ಎನ್ನಬಹುದು. 1965ರ ಆರಂಭದಲ್ಲಿ ಅಲ್ಲಿನ ಜನರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಕಪ್ಪು ಜನ. ಮತದಾರರ ಪಟ್ಟಿಯಲ್ಲಿ ಅವರ ಪೈಕಿ ಒಬ್ಬರ ಹೆಸರೂ ಇರಲಿಲ್ಲ. ಅದೇ ಪಟ್ಟಿಯಲ್ಲಿ ಬಿಳಿಯರ ಹೆಸರುಗಳು ಮಾತ್ರ ಬದುಕಿದ್ದ ವಯಸ್ಕ ಬಿಳಿಯರ ಸಂಖ್ಯೆಗಿಂತಲೂ ಹೆಚ್ಚಿದ್ದವು! ಭೂಮಿಯ ಬಹುಪಾಲು ಕೆಲವೇ ಬಿಳಿ ಕುಟುಂಬಗಳ ಕೈಯಲ್ಲಿತ್ತು. ಕಪ್ಪು ಜನ ಆ ಹೊಲಗಳಲ್ಲಿ ಪಾಲಿಗೆ ದುಡಿಯುತ್ತಿದ್ದರು.

ಆ ವರ್ಷದ ಮಾರ್ಚ್ 21ರಿಂದ 25ರವರೆಗೆ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳುತನದಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಹೆಸರಾಂತ ಮತಾಧಿಕಾರ ಜಾಥಾ ಈ ಕೌಂಟಿಯ ಮೂಲಕವೇ ಹಾದುಹೋಯಿತು. ಕ್ಯಾಮರಾಗಳು ಜಾಥಾದ ಜೊತೆ ಮುಂದಕ್ಕೆ ಹೋದವು. 'ಸ್ನಿಕ್' ಎಂದು ಹೆಸರಾದ ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಸ್ಟೋಕ್ಲಿ ಕಾರ್ಮೈಕೇಲ್ ಮತ್ತು ಸಂಗಡಿಗರು ಬೇರೆ ಕೆಲಸ ಮಾಡಿದರು. ಜಾಥಾ ನೋಡಲು ರಸ್ತೆ ಬದಿಗೆ ಬಂದ ಸ್ಥಳೀಯರ ಹೆಸರುಗಳನ್ನು ಬರೆದುಕೊಂಡರು. ಜಾಥಾ ಮುಗಿದ ಮೇಲೆ ಆ ಹೆಸರುಗಳನ್ನು ಹುಡುಕಿಕೊಂಡು ವಾಪಸು ಬಂದರು. ಊರಲ್ಲಿ ಜಾನ್ ಹ್ಯೂಲೆಟ್ ಮೊದಲಾದವರು ಆಗಲೇ ತಮ್ಮದೇ ಒಂದು ಸಂಘಟನೆ ಕಟ್ಟಿಕೊಂಡಿದ್ದರು. ಬಂದ ಹುಡುಗರು ಅದರ ಜೊತೆ ಸೇರಿದರು, ಅದರ ತಲೆಯ ಮೇಲೆ ಕೂರಲಿಲ್ಲ.

ಅದು ಸುಲಭದ ಜಾಗವಾಗಿರಲಿಲ್ಲ. ಜಾಥಾ ಮುಗಿದ ರಾತ್ರಿಯೇ ಕಾರ್ಯಕರ್ತರನ್ನು ಕಾರಿನಲ್ಲಿ ಬಿಡಲು ಹೋಗುತ್ತಿದ್ದ ವಯೋಲಾ ಲಿಯುಝೊ ಎಂಬ ಬಿಳಿ ಮಹಿಳೆಯನ್ನು ಈ ಕೌಂಟಿಯ ಹೆದ್ದಾರಿಯಲ್ಲಿ ಗುಂಡಿಟ್ಟು ಕೊಂದರು. ಆಗಸ್ಟ್ 20ರಂದು ಪಾದ್ರಿಯಾಗಲು ಓದುತ್ತಿದ್ದ ಜೋನಾಥನ್ ಡೇನಿಯಲ್ಸ್ ಎಂಬ ತರುಣನನ್ನು ಕೌಂಟಿಯ ಮುಖ್ಯ ಊರು ಹೇನ್‌ವಿಲ್‌ನಲ್ಲಿ ಹಾಡಹಗಲೇ ಕೊಂದರು. ಕೊಂದವನನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಬಿಡುಗಡೆ ಮಾಡಿತು. ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ ಗೇಣಿದಾರರನ್ನು ಒಡೆಯರು ಹೊಲದಿಂದಲೂ ಮನೆಯಿಂದಲೂ ಹೊರಹಾಕಿದರು. ಹೊರಬಿದ್ದ ಕುಟುಂಬಗಳು ಹೆದ್ದಾರಿಯ ಬದಿಯಲ್ಲಿ ಡೇರೆ ಹಾಕಿಕೊಂಡವು. ಕೆಲವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಬದುಕಿದರು. ರಾತ್ರಿ ಗುಂಡು ಹಾರಿಸಲು ಬಂದವರಿಗೆ ಉತ್ತರವಾಗಿ ಇವರೂ ಬಂದೂಕು ಇಟ್ಟುಕೊಂಡು ಕಾವಲು ಕಾದರು. ಬಂದೂಕು ಲೌಂಡ್ಸ್‌ನಲ್ಲೂ ಇತ್ತು, ಆದರೆ ಅದು ಅವರ ರಾಜಕಾರಣದ ಹೆಸರಾಗಿರಲಿಲ್ಲ.

ಮತ ಬಂತು. ಯಾರಿಗೆ ಹಾಕುವುದು? ಅಲಬಾಮಾದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ. ಅದರ ಜೊತೆಗಿದ್ದ ಘೋಷಣೆ ಬಿಳಿಯರ ಶ್ರೇಷ್ಠತೆಯದು. ಕಪ್ಪು ಅಭ್ಯರ್ಥಿಗಳು ಒಳಗೆ ಬರಬಾರದೆಂದು ಪಕ್ಷ ಶೆರೀಫ್ ಹುದ್ದೆಗೆ ಸ್ಪರ್ಧಿಸುವ ಶುಲ್ಕವನ್ನು 50 ಡಾಲರಿನಿಂದ 500 ಡಾಲರಿಗೆ ಏರಿಸಿತು. ಆಗ ಸ್ನಿಕ್‌ನ ಸಂಶೋಧಕರು ರಾಜ್ಯದ ಕಾನೂನು ಪುಸ್ತಕಗಳನ್ನು ಜಾಲಾಡಿ, ಜನರೇ ಸಭೆ ಸೇರಿ ಕೌಂಟಿ ಮಟ್ಟದಲ್ಲಿ ಸ್ವಂತ ಪಕ್ಷ ಕಟ್ಟಲು ಅವಕಾಶವಿರುವ ಒಂದು ಹಳೆಯ ವಿಧಿಯನ್ನು ಹುಡುಕಿ ತೆಗೆದರು. ಹೀಗೆ ಲೌಂಡ್ಸ್ ಕೌಂಟಿ ಫ್ರೀಡಂ ಆರ್ಗನೈಸೇಷನ್ ಹುಟ್ಟಿತು. ಓದು ಬಾರದವರಿಗಾಗಿ ಪಕ್ಷಕ್ಕೆ ಚಿಹ್ನೆ ಬೇಕಿತ್ತು. ಅವರು ಆರಿಸಿದ್ದು ಕರಿಚಿರತೆ. ಅದು ತಾನಾಗಿ ಯಾರ ಮೇಲೂ ಎರಗುವುದಿಲ್ಲ, ಮೂಲೆಗೆ ಒತ್ತರಿಸಿದರೆ ಮಾತ್ರ ತಿರುಗಿ ಬೀಳುತ್ತದೆ ಎಂದು ಹ್ಯೂಲೆಟ್ ವಿವರಿಸುತ್ತಿದ್ದರು. ಹಸ್ತ, ಕಮಲ, ಆನೆ ನೋಡಿ ಮತ ಹಾಕುವ ನಮಗೆ ಇದರ ಅರ್ಥ ಅಮೆರಿಕದ ಓದುಗರಿಗಿಂತ ಬೇಗ ಆಗುತ್ತದೆ.

ಇನ್ನೊಂದು ಕೆಲಸವನ್ನೂ ಗಮನಿಸಬೇಕು. ಸ್ನಿಕ್ ಕಾರ್ಯಕರ್ತರು ಚಿತ್ರಗಳಿರುವ ಸಣ್ಣ ಪುಸ್ತಿಕೆಗಳನ್ನು ಮಾಡಿ ಹಂಚಿದರು. ಶೆರೀಫನ ಕೆಲಸವೇನು, ತೆರಿಗೆ ನಿಗದಿ ಮಾಡುವ ಅಧಿಕಾರಿಯ ಕೆಲಸವೇನು, ಶಾಲಾ ಮಂಡಳಿ ಏನು ಮಾಡಬೇಕು ಎಂದು ಸರಳ ಮಾತಿನಲ್ಲಿ ತಿಳಿಸಿದರು. ತಲೆತಲಾಂತರದಿಂದ ಶೆರೀಫನೆಂದರೆ ಹೊಡೆಯುವವನು ಎಂದಷ್ಟೇ ಕಂಡಿದ್ದ ಜನಕ್ಕೆ ಅದು ತಾವು ಆರಿಸಬಹುದಾದ, ತಾವೇ ಮಾಡಬಹುದಾದ ಒಂದು ಕೆಲಸ ಎಂದು ಗೊತ್ತಾಯಿತು. ತೆರಿಗೆ ನಿಗದಿ ಹುದ್ದೆಗೆ ನಿಂತ ಆಲಿಸ್ ಮೂರ್ ಎಂಬ ಮಹಿಳೆ, ಉಳ್ಳವರಿಗೆ ತೆರಿಗೆ ಹಾಕಿ ಬಡವರ ಹೊಟ್ಟೆ ತುಂಬಿಸುವುದೇ ತನ್ನ ಕಾರ್ಯಕ್ರಮ ಎಂದು ಸಾರಿದರು. ದೊಡ್ಡ ದೊಡ್ಡ ಪ್ರಣಾಳಿಕೆಗಳು ಇದಕ್ಕಿಂತ ಹೆಚ್ಚಿನದೇನನ್ನು ಹೇಳಿವೆ?

1966ರ ನವೆಂಬರಿನಲ್ಲಿ ಚಿರತೆಯ ಚಿಹ್ನೆಯಲ್ಲಿ ನಿಂತ ಏಳೂ ಮಂದಿ ಸೋತರು. ಆದರೆ ಅಧಿಕೃತ ಪಕ್ಷವಾಗಿ ಉಳಿಯಲು ಬೇಕಾದಷ್ಟು ಮತ ಸಿಕ್ಕಿತು. 1970ರಲ್ಲಿ ಹ್ಯೂಲೆಟ್ ಅದೇ ಕೌಂಟಿಯ ಶೆರೀಫ್ ಆದರು. ಐದು ವರ್ಷದ ಹಿಂದೆ ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದ ಜನರ ನಡುವಿನಿಂದ ಬಂದ ಮನುಷ್ಯ!

ಕರಿಚಿರತೆ ಓಕ್‌ಲ್ಯಾಂಡ್ ನಗರಕ್ಕೆ ಬಂದದ್ದು ಲೌಂಡ್ಸ್‌ನಲ್ಲಿ ಚಿಹ್ನೆಯಾದ ಮೇಲೆ. 1966ರ ಅಕ್ಟೋಬರಿನಲ್ಲಿ ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ ಕಟ್ಟಿದ ಪಕ್ಷಕ್ಕೆ ಲೌಂಡ್ಸ್‌ನ ಚಿಹ್ನೆಯೇ ಹೆಸರಾಯಿತು. ನಾವೆಲ್ಲ ಬಲ್ಲ ಆ ಚಿತ್ರ ಇಲ್ಲಿಯದು. ಆದರೆ ಇಲ್ಲಿಯೂ ಚಿತ್ರದ ಹಿಂದೆ ಇನ್ನೊಂದು ಕತೆಯಿದೆ. 1969ರ ಜನವರಿಯಲ್ಲಿ ಪಕ್ಷದವರು ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಉಚಿತವಾಗಿ ಬೆಳಗಿನ ತಿಂಡಿ ಕೊಡಲು ಶುರು ಮಾಡಿದರು. ಅದು ಬೇಗನೆ ಹಲವು ನಗರಗಳಿಗೆ ಹಬ್ಬಿತು. ನಂತರ ಉಚಿತ ಚಿಕಿತ್ಸಾಲಯಗಳು, ಕಪ್ಪು ಜನರಲ್ಲಿ ಹೆಚ್ಚಾಗಿ ಕಾಣುವ ಕುಡುಗೋಲು ಕಣ ರೋಗಕ್ಕೆ ರಕ್ತ ಪರೀಕ್ಷೆ, ಒಂದು ಒಳ್ಳೆಯ ಶಾಲೆ ಬಂದವು.

ಇದು ದಾನಧರ್ಮವಲ್ಲವೇ, ಇದರಲ್ಲಿ ಕ್ರಾಂತಿಯೇನು ಬಂತು ಎಂದು ಕೆಲವರು ಕೇಳಬಹುದು. ಅಂದಿನ ಅಮೆರಿಕದ ಪ್ರಭುತ್ವಕ್ಕೆ ಈ ಸಂದೇಹವಿರಲಿಲ್ಲ. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ 1969ರಲ್ಲಿ ತನ್ನ ಕಚೇರಿಗೆ ಬರೆದ ಟಿಪ್ಪಣಿಯಲ್ಲಿ, ಈ ಪಕ್ಷವನ್ನು ಮುಗಿಸುವ ತಮ್ಮ ಪ್ರಯತ್ನಕ್ಕೆ ಮಕ್ಕಳ ತಿಂಡಿಯ ಕಾರ್ಯಕ್ರಮವೇ ಎಲ್ಲಕ್ಕಿಂತ ದೊಡ್ಡ ಅಡ್ಡಿಯಾಗಬಹುದು ಎಂಬರ್ಥದ ಮಾತು ಹೇಳಿದ್ದ. ಬಂದೂಕು ಹಿಡಿದವನನ್ನು ಕೊಲ್ಲಲು ಕಾರಣ ಸುಲಭವಾಗಿ ಸಿಗುತ್ತದೆ. ಮಗುವಿನ ತಟ್ಟೆಗೆ ತಿಂಡಿ ಹಾಕುವವನ ಮೇಲೆ ನೆರೆಹೊರೆಯವರನ್ನು ಎತ್ತಿಕಟ್ಟುವುದು ಕಷ್ಟ. ಅದಕ್ಕಿಂತ ಮುಖ್ಯವಾಗಿ, ಆ ತಟ್ಟೆಯ ಜೊತೆ ಒಂದು ಪ್ರಶ್ನೆಯೂ ಹೋಗುತ್ತಿತ್ತು: ಇಷ್ಟು ಶ್ರೀಮಂತ ದೇಶದಲ್ಲಿ ಮಗು ಹಸಿದು ಶಾಲೆಗೆ ಹೋಗುವುದೇಕೆ? ದಾನ ಈ ಪ್ರಶ್ನೆಯನ್ನು ಕೇಳುವುದಿಲ್ಲ. ರೇಷನ್ ಕಿಟ್ ಕೊಟ್ಟು ಫೋಟೋ ತೆಗೆಸಿಕೊಳ್ಳುವ ಎಲ್ಲ ಸಂಘಟನೆಗಳೂ ಈ ವ್ಯತ್ಯಾಸವನ್ನು ಯೋಚಿಸಬೇಕು. ಅಮೆರಿಕ ಸರ್ಕಾರ 1966ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದ ಶಾಲಾ ಉಪಾಹಾರ ಯೋಜನೆಯನ್ನು 1975ರಲ್ಲಿ ಕಾಯಂ ಮಾಡಿತು. ಹಸಿವು ಎಂಬುದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ ಎಂದು ದೇಶಕ್ಕೆ ಮನಗಾಣಿಸಿದವರಲ್ಲಿ ಈ 'ಉಗ್ರ'ರೂ ಇದ್ದರು.

ಷಿಕಾಗೋದಲ್ಲಿ ಇದೇ ಪಕ್ಷದ ಫ್ರೆಡ್ ಹ್ಯಾಂಪ್ಟನ್ 1969ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಪೋರ್ಟೊರಿಕನ್ ತರುಣರ 'ಯಂಗ್ ಲಾರ್ಡ್ಸ್' ಮತ್ತು ಬೆಟ್ಟದ ಸೀಮೆಯಿಂದ ಕೂಲಿಗೆ ಬಂದ ಬಡ ಬಿಳಿಯರ 'ಯಂಗ್ ಪೇಟ್ರಿಯಟ್ಸ್' ಜೊತೆ ಸೇರಿ ಕಾಮನಬಿಲ್ಲಿನ ಮೈತ್ರಿಕೂಟ ಕಟ್ಟಿದ. ಆ ಬಿಳಿ ಹುಡುಗರು ತೊಡುತ್ತಿದ್ದ ಬಟ್ಟೆಯ ಮೇಲೆ ಗುಲಾಮಗಿರಿಯ ಪರವಾಗಿ ಯುದ್ಧ ಮಾಡಿದ ದಕ್ಷಿಣದ ಬಾವುಟವಿತ್ತು. ಇಂದಿನ ಯಾವ ಹೋರಾಟಗಾರ ಅಂಥವರ ಪಕ್ಕ ಕೂತಾನು? ಷಿಕಾಗೋದ ಪ್ಯಾಂಥರರು ಕೂತರು. ಬಾವುಟ ಒಳ್ಳೆಯದು ಎಂದಲ್ಲ. ಬಾಡಿಗೆ ಮನೆಯ ಸೋರುವ ಸೂರು, ಪೊಲೀಸರ ಲಾಠಿ, ಕೆಲಸವಿಲ್ಲದ ಕೈ ಇಬ್ಬರಿಗೂ ಒಂದೇ ಎಂಬ ಕಡೆಯಿಂದ ಮಾತು ಶುರು ಮಾಡಿದರು. ಯಾರೂ ತಮ್ಮ ಸಂಘಟನೆಯನ್ನು ಮುಚ್ಚಲಿಲ್ಲ, ತಮ್ಮ ತಮ್ಮ ಮನೆಯಲ್ಲೇ ಇದ್ದುಕೊಂಡು ಅಂಗಳದಲ್ಲಿ ಸೇರಿದರು.

1969ರ ಡಿಸೆಂಬರ್ 4ರ ನಸುಕಿನಲ್ಲಿ ಪೊಲೀಸರು ಹ್ಯಾಂಪ್ಟನ್ ಮಲಗಿದ್ದ ಮನೆಗೆ ನುಗ್ಗಿದರು. ತೊಂಬತ್ತಕ್ಕೂ ಹೆಚ್ಚು ಗುಂಡುಗಳು ಹಾರಿದವು. ಒಳಗಿದ್ದವರಿಂದ ಹಾರಿದ್ದು ಒಂದೇ ಎಂದು ಆಮೇಲಿನ ತನಿಖೆ ಕಂಡುಕೊಂಡಿತು. ಮಾರ್ಕ್ ಕ್ಲಾರ್ಕ್ ಎಂಬ ಸಂಗಾತಿಯೂ ಸತ್ತ. ಹ್ಯಾಂಪ್ಟನ್‌ನ ವಯಸ್ಸು 21. ಮನೆಯ ನಕ್ಷೆ ಬರೆದುಕೊಟ್ಟವನು ಅವನ ಬಳಿಯೇ ಇದ್ದ, ಎಫ್‌ಬಿಐಗೆ ಸುದ್ದಿ ಮುಟ್ಟಿಸುತ್ತಿದ್ದ ವಿಲಿಯಂ ಓನೀಲ್.

2021ರಲ್ಲಿ ಬಂದ 'ಜೂಡಾಸ್ ಅಂಡ್ ದಿ ಬ್ಲ್ಯಾಕ್ ಮೆಸ್ಸಾಯ' ಸಿನಿಮಾ ಈ ಕತೆಯನ್ನು ಓನೀಲ್‌ನ ಕಡೆಯಿಂದ ಹೇಳುತ್ತದೆ. ಒಳ್ಳೆಯ ಸಿನಿಮಾ. ಮಕ್ಕಳ ತಿಂಡಿಯೂ ಮೈತ್ರಿಯ ಮಾತುಕತೆಯೂ ಅದರಲ್ಲಿ ಬಂದುಹೋಗುತ್ತವೆ. ಆದರೆ ಕತೆಯನ್ನು ಎಳೆಯುವುದು ದ್ರೋಹ ಮತ್ತು ಗುಂಡು. ಇದು ನಿರ್ದೇಶಕರೊಬ್ಬರ ದೋಷವಲ್ಲ. ಕತೆ ಬರೆಯುವವರಿಗೆಲ್ಲ ಇದು ಗೊತ್ತು: ದ್ರೋಹ ಕತೆಯಾಗುತ್ತದೆ, ಕೊಲೆ ಕತೆಯಾಗುತ್ತದೆ, ನಸುಕಿನಲ್ಲಿ ಎದ್ದು ನೂರು ಮಕ್ಕಳಿಗೆ ಗಂಜಿ ಕಾಯಿಸುವುದು ದಿನವೂ ಒಂದೇ ತರಹ ನಡೆಯುವುದರಿಂದ ಕತೆಗೆ ಒಗ್ಗುವುದಿಲ್ಲ. ಆದ್ದರಿಂದ ಹೋರಾಟವನ್ನು ಸಿನಿಮಾ, ಕತೆ, ಆತ್ಮಕತೆಗಳಿಂದ ಮಾತ್ರ ಕಲಿಯುವವರಿಗೆ ಅದರ ಅರ್ಧ ಭಾಗ ಕಾಣಿಸುವುದೇ ಇಲ್ಲ. ಕಾಣಿಸದ ಆ ಅರ್ಧವೇ ಚಳವಳಿಯನ್ನು ಹೊತ್ತು ನಿಂತಿರುತ್ತದೆ. ಉರ್ದುವಿನಲ್ಲಿ ತಕ್ರೀರ್ ಎಂದರೆ ಭಾಷಣ, ತಾಮೀರ್ ಎಂದರೆ ಕಟ್ಟುವುದು. ತಕ್ರೀರಿಗೆ ಸಭಿಕರು ಸಿಗುತ್ತಾರೆ. ತಾಮೀರಿಗೆ ಬೇಕಾದದ್ದು ಮರುದಿನವೂ ಬರುವವರು.

ಹಾಗೆಂದು ಈ ಚಳವಳಿಯನ್ನು ಪೂಜೆಗೆ ಇಡಬೇಕಾಗಿಲ್ಲ. ಪ್ರಭುತ್ವ ಅದರೊಳಗೆ ವಿಷ ಬಿತ್ತಿದ್ದು ನಿಜ. 1971ರಲ್ಲಿ ಪೆನ್ಸಿಲ್ವೇನಿಯಾದ ಎಫ್‌ಬಿಐ ಕಚೇರಿಯೊಂದರಿಂದ ಕೆಲವರು ಕಡತಗಳನ್ನು ಕದ್ದು ಪತ್ರಿಕೆಗಳಿಗೆ ಕಳಿಸಿದ ಮೇಲೆ ಸುಳ್ಳು ಪತ್ರ, ಗೂಢಚಾರಿಕೆ, ಒಡಕು ಹುಟ್ಟಿಸುವ ಆಟಗಳೆಲ್ಲ ಬಯಲಾಗತೊಡಗಿದವು. ಆದರೆ ಎಲ್ಲವನ್ನೂ ಹೊರಗಿನವರ ತಲೆಗೆ ಕಟ್ಟಲಾಗದು. 1969ರಲ್ಲಿ ನ್ಯೂ ಹೇವನ್‌ನಲ್ಲಿ ಪೊಲೀಸರ ಮಾಹಿತಿದಾರನೆಂಬ ಬರೀ ಶಂಕೆಯ ಮೇಲೆ ತಮ್ಮದೇ ಪಕ್ಷದ ಹತ್ತೊಂಬತ್ತರ ಹುಡುಗನನ್ನು ಪಕ್ಷದವರೇ ಹಿಂಸಿಸಿ ಕೊಂದರು. 1974ರಿಂದ 1977ರವರೆಗೆ ಪಕ್ಷವನ್ನು ನಡೆಸಿದವರು ಇಲೇನ್ ಬ್ರೌನ್ ಎಂಬ ಮಹಿಳೆ. ಪಕ್ಷದ ಶಾಲೆಯ ಆಡಳಿತ ನೋಡುತ್ತಿದ್ದ ಒಬ್ಬ ಮಹಿಳೆಯನ್ನು ಪಕ್ಷದ ಗಂಡಸರು ಹೊಡೆದಾಗ ನ್ಯೂಟನ್ ಅದನ್ನು ಸಮ್ಮತಿಸಿದ್ದ, ಅದಕ್ಕೇ ತಾನು ಹೊರಬಂದೆ ಎಂದು ಅವರು 1992ರ ತಮ್ಮ ಆತ್ಮಕತೆಯಲ್ಲಿ ದಾಖಲಿಸಿದ್ದಾರೆ. ಯಾರ ಬೆವರಿನಿಂದ ಶಾಲೆ ನಡೆಯುತ್ತಿತ್ತೋ ಅವರಿಗೇ ಏಟು. ಶತ್ರು ದೊಡ್ಡವನು, ಮನೆಯ ಮಾತು ಆಮೇಲೆ ನೋಡೋಣ ಎಂಬ ಸಮಾಧಾನ ನಮಗೂ ಪರಿಚಿತವೇ. ಆ 'ಆಮೇಲೆ' ಬರುವುದರೊಳಗೆ ಮನೆಯೇ ಉಳಿದಿರಲಿಲ್ಲ. 1982ರಲ್ಲಿ ಆ ಶಾಲೆ ಮುಚ್ಚಿತು, ಪಕ್ಷವೂ ಮುಗಿಯಿತು.

ಈ ಪ್ರಶ್ನೆಗೆ ಎದುರಾಗಿ ನಿಂತವರು ಬಾಸ್ಟನ್ನಿನ ಕಪ್ಪು ಮಹಿಳೆಯರ ಕೊಂಬಾಹಿ ನದಿ ಕೂಟದವರು. 'ಐಡೆಂಟಿಟಿ ಪಾಲಿಟಿಕ್ಸ್' ಎಂಬ ಮಾತನ್ನು ಚಲಾವಣೆಗೆ ತಂದದ್ದು 1977ರ ಅವರ ಹೇಳಿಕೆ. ಇಂದು ಎಲ್ಲರೂ ಬೈಗುಳದಂತೆ ಬಳಸುವ ಈ ಮಾತಿಗೆ ಅವರು ಕೊಟ್ಟ ಅರ್ಥ ಬೇರೆ. ನಮ್ಮ ಬದುಕಿನ ನೋವಿನಿಂದಲೇ ನಮ್ಮ ರಾಜಕಾರಣ ಹೊರಡಬೇಕು, ಎಲ್ಲರಿಗಿಂತ ಕೆಳಗಿರುವ ಹೆಣ್ಣು ಬಿಡುಗಡೆಯಾಗಬೇಕಾದರೆ ಎಲ್ಲ ಬಗೆಯ ದಬ್ಬಾಳಿಕೆಯೂ ಹೋಗಬೇಕಾಗುತ್ತದೆ, ಆದ್ದರಿಂದ ಆಕೆಯ ಬಿಡುಗಡೆ ಎಲ್ಲರ ಬಿಡುಗಡೆ ಎಂಬುದು ಅವರ ವಾದದ ಸಾರ. 1979ರಲ್ಲಿ ಬಾಸ್ಟನ್ನಿನಲ್ಲಿ ಕಪ್ಪು ಮಹಿಳೆಯರ ಕೊಲೆಗಳು ಒಂದರ ಹಿಂದೊಂದು ನಡೆದಾಗ ಅವರು ಆರು ಮಂದಿ ಏಕೆ ಸತ್ತರು ಎಂದು ಕೇಳುವ ಕರಪತ್ರ ಅಚ್ಚು ಹಾಕಿದರು. ಸಾವು ಹೆಚ್ಚಿದಂತೆ ಆ ಅಂಕಿಯನ್ನು ಹೊಡೆದು ಹೊಸದನ್ನು ಬರೆಯಬೇಕಾಯಿತು. ಅಸ್ಮಿತೆ ಎಂಬುದು ಅವರಿಗೆ ಹೊರಡುವ ಬಾಗಿಲು, ಒಳಗೆ ಕೂತು ಅಗುಳಿ ಹಾಕಿಕೊಳ್ಳುವ ಕೋಣೆಯಾಗಿರಲಿಲ್ಲ.

ಈ ಚಿರತೆ ನಮ್ಮ ದೇಶಕ್ಕೂ ಬಂದಿದೆ. ಅದಕ್ಕೂ ಮೊದಲೇ, 1946ರಲ್ಲಿ, ಅಂಬೇಡ್ಕರ್ ಅವರು ಕಪ್ಪು ಜನರ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಅಹವಾಲಿನ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬಯಿಯಲ್ಲಿ ನಾಮದೇವ ಢಸಾಳ, ಜೆ.ವಿ. ಪವಾರ್, ರಾಜಾ ಢಾಲೆ ಮೊದಲಾದವರು ದಲಿತ ಪ್ಯಾಂಥರ್ಸ್ ಕಟ್ಟಿದರು. ಬೆಂಗಳೂರಿನಿಂದ 'ದಲಿತ್ ವಾಯ್ಸ್' ನಡೆಸಿದ ವಿ.ಟಿ. ರಾಜಶೇಖರ್ ದಲಿತರನ್ನು ಅಮೆರಿಕದ ಕಪ್ಪು ಜನರ ಜೊತೆ ಇಟ್ಟು ನೋಡುವ ಪುಸ್ತಕ ಬರೆದರು. ಅಂಬೇಡ್ಕರ್ ಕೇಳಿದ್ದು ಘೋಷಣೆಯನ್ನಲ್ಲ, ಅಹವಾಲಿನ ಪ್ರತಿಯನ್ನು ಎಂಬುದನ್ನು ಮರೆಯಬಾರದು. ಬೇರೆಯವರ ಹೋರಾಟದಿಂದ ಕಲಿಯುವ ರೀತಿ ಅದು. ಮುಂಬಯಿಯ ಪ್ಯಾಂಥರರು ಮರಾಠಿ ಸಾಹಿತ್ಯವನ್ನೇ ಅಲುಗಾಡಿಸಿದರು, ಆದರೆ ಕೆಲವೇ ವರ್ಷಗಳಲ್ಲಿ ಒಡೆದು ಹೋದರು. ಹೆಸರು ಕಿಡಿ ಹೊತ್ತಿಸಬಲ್ಲದು, ಒಲೆ ಉರಿಸುತ್ತಾ ಇರಲು ಬೇರೆಯ ಸಿದ್ಧತೆ ಬೇಕು.

ಈ ಪತ್ರಿಕೆಯ ಮುಸ್ಲಿಂ ಓದುಗರಲ್ಲಿ ಅನೇಕರಿಗೆ ಕಪ್ಪು ರಾಜಕಾರಣವೆಂದರೆ ಮಾಲ್ಕಮ್ ಎಕ್ಸ್. ಅವರ ಆತ್ಮಕತೆಯಲ್ಲಿ ನಾವು ಎಲ್ಲಿ ನಿಲ್ಲುತ್ತೇವೆ? 1964ರ ಹಜ್ಜಿನಲ್ಲಿ. ಎಲ್ಲ ಬಣ್ಣದವರೂ ಒಟ್ಟಿಗೆ ಉಂಡು ನಮಾಜು ಮಾಡಿದ್ದನ್ನು ಕಂಡು ಬೆರಗಾಗಿ ಅವರು ಬರೆದ ಪತ್ರವನ್ನು ನಮ್ಮ ಜಲ್ಸಾಗಳಲ್ಲಿ ಮೆಚ್ಚುಗೆಯ ಪ್ರಮಾಣಪತ್ರದಂತೆ ಓದುತ್ತೇವೆ. ಮಾಲ್ಕಮ್ ಅಲ್ಲಿ ನಿಲ್ಲಲಿಲ್ಲ. ಕಂಡ ಸಮಾನತೆಯನ್ನು ಅಳತೆಗೋಲು ಮಾಡಿಕೊಂಡು ಊರಿಗೆ ಮರಳಿದರು. ಜೂನ್‌ನಲ್ಲಿ ಆಫ್ರಿಕನ್ ಅಮೆರಿಕನ್ ಏಕತಾ ಸಂಘಟನೆ ಕಟ್ಟಿದರು. ಮಸೀದಿಯ ಸಂಘಟನೆ ಬೇರೆ, ಇದು ಬೇರೆ. ಇದಕ್ಕೆ ಸೇರಲು ಮುಸ್ಲಿಮರಾಗಬೇಕಿರಲಿಲ್ಲ. 1965ರ ಫೆಬ್ರುವರಿ 4ರಂದು ಸ್ನಿಕ್ ಹುಡುಗರ ಕರೆಯ ಮೇಲೆ ಸೆಲ್ಮಾದ ಚರ್ಚಿನಲ್ಲಿ ಮಾತಾಡಿದರು. ಜೈಲಿನಲ್ಲಿದ್ದ ಕಿಂಗ್ ಅವರ ಪತ್ನಿಯನ್ನು ಕಂಡು, ತಾನು ಬಂದದ್ದು ನೆರವಾಗಲು ಎಂದು ತಿಳಿಸಿದರು. ಹದಿನೇಳು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಅವರ ಕೊಲೆಯಾಯಿತು. ಕಿಂಗ್ ಅವರನ್ನು ವರ್ಷಗಳ ಕಾಲ ಕಟುವಾಗಿ ಟೀಕಿಸಿದ್ದ ಮನುಷ್ಯ ಹೀಗೆ ಎಲ್ಲರೆದುರು ಬದಲಾದದ್ದು ಸಣ್ಣ ಮಾತಲ್ಲ. ನಮ್ಮ ಮಸೀದಿಯ ಸಾಲು ಸಮಾನವಾಗಿದೆ ಎಂದು ಹೆಮ್ಮೆ ಪಡುವವರು, ಮಸೀದಿಯ ಹೊರಗೆ ಮದುವೆಯ ಮಾತು ಬಂದಾಗ ಯಾರ ಮನೆತನ ಕೇಳುತ್ತೇವೆ ಎಂದೂ ನೋಡಿಕೊಳ್ಳಬೇಕಾಗುತ್ತದೆ. ಮಾಲ್ಕಮ್‌ರನ್ನು ಓದುವುದೆಂದರೆ ಅದು.

ಸೆಲ್ಮಾದ ನೆರೆಯ ಲೌಂಡ್ಸ್ ಈಗ ಹೇಗಿದೆ? ಕುರ್ಚಿ ಬಂತು, ಭೂಮಿಯೂ ಹಣವೂ ಬರಲಿಲ್ಲ. ಅಲ್ಲಿನದು ನೀರು ಇಂಗದ ಜಿಗುಟು ಮಣ್ಣು. ಸಾಮಾನ್ಯ ಮಲಗುಂಡಿ ಅಲ್ಲಿ ಕೆಲಸ ಮಾಡುವುದಿಲ್ಲ, ವಿಶೇಷ ವ್ಯವಸ್ಥೆಗೆ ಬಡವರಲ್ಲಿ ದುಡ್ಡಿಲ್ಲ. ಎಷ್ಟೋ ಮನೆಗಳ ಹೊಲಸು ನೀರು ಪೈಪಿನಲ್ಲಿ ಹಿತ್ತಲಿಗೇ ಬೀಳುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿದ 55 ಜನರಲ್ಲಿ 19 ಮಂದಿಗೆ ಕೊಕ್ಕೆಹುಳುವಿನ ಸೋಂಕಿನ ಗುರುತು ಕಂಡಿತು. ಜಗತ್ತಿನ ಅತಿ ಶ್ರೀಮಂತ ದೇಶದ ಕತೆ ಇದು. ಅಲ್ಲೇ ಬೆಳೆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಮೊದಲಾದವರು ಮನೆಮನೆ ತಿರುಗಿ ಇದನ್ನು ದಾಖಲಿಸಿದರು. 2023ರ ಮೇ ತಿಂಗಳಲ್ಲಿ ಕೇಂದ್ರ ನ್ಯಾಯ ಇಲಾಖೆ ಅಲಬಾಮಾ ರಾಜ್ಯದ ಆರೋಗ್ಯ ಇಲಾಖೆಯಿಂದ ಸುಧಾರಣೆಯ ಒಪ್ಪಂದ ಬರೆಸಿಕೊಂಡಿತು. 2025ರ ಏಪ್ರಿಲಿನಲ್ಲಿ ಟ್ರಂಪ್ ಸರ್ಕಾರದ ನ್ಯಾಯ ಇಲಾಖೆ, ಇದು 'ವೈವಿಧ್ಯ ಮತ್ತು ಸಮಾನತೆ'ಯ ಹೆಸರಿನ ಅಕ್ರಮ ಎಂದು ಹೇಳಿ ಆ ಒಪ್ಪಂದವನ್ನು ರದ್ದು ಮಾಡಿತು. ಮಲಗುಂಡಿಯೂ ಸಿದ್ಧಾಂತದ ಅಪರಾಧವಾಯಿತು!

ಅದಕ್ಕೆ ಒಂದು ತಿಂಗಳು ಮೊದಲು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಇನ್ನೊಂದು ಘಟನೆ ನಡೆಯಿತು. 2020ರಲ್ಲಿ ಮಿನಿಯಾಪೊಲಿಸ್ ಪೊಲೀಸರು ಜಾರ್ಜ್ ಫ್ಲಾಯ್ಡ್‌ನನ್ನು ಕೊಂದ ಮೇಲೆ ಶ್ವೇತಭವನದ ಎದುರಿನ ರಸ್ತೆಯಲ್ಲಿ ದೊಡ್ಡ ಹಳದಿ ಅಕ್ಷರಗಳಲ್ಲಿ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಎಂದು ಬರೆಯಲಾಗಿತ್ತು. 2025ರ ಮಾರ್ಚಿನಲ್ಲಿ ಯಂತ್ರ ತಂದು ಆ ಅಕ್ಷರಗಳನ್ನು ಅಗೆದು ತೆಗೆದರು. 

ಬರೆದದ್ದನ್ನು ಅಳಿಸಬಹುದು, ಒಪ್ಪಂದವನ್ನೂ ರದ್ದು ಮಾಡಬಹುದು. ಶೆರೀಫನ ಕೆಲಸವೇನೆಂದು ಒಮ್ಮೆ ತಿಳಿದುಕೊಂಡ ಗೇಣಿದಾರನ ತಿಳುವಳಿಕೆಯನ್ನು ಮಾತ್ರ ಯಾವ ಯಂತ್ರವೂ ಅಗೆಯಲಾರದು. ಇಂದಿನ ಹೋರಾಟಗಾರರು ಲೌಂಡ್ಸ್‌ನಿಂದ ಕಲಿಯಬೇಕಾದದ್ದನ್ನು ಇಷ್ಟರಲ್ಲೇ ಹೇಳಬಹುದು. ಜಾಥಾ ಮುಗಿದ ಮೇಲೆ ವಾಪಸು ಬನ್ನಿ. ಹಕ್ಕಿನ ಹೆಸರನ್ನಷ್ಟೇ ಕಲಿಸದೆ ಕಚೇರಿಯ ಕೆಲಸವನ್ನೂ ಕಲಿಸಿ. ಅಂಗಳದಲ್ಲಿ ಯಾರ ಜೊತೆ ಕೂರಬಹುದೋ ಅವರ ಜೊತೆ ಕೂರಿ. ಮನೆಯೊಳಗಿನ ಹೆಣ್ಣಿನ ಮಾತನ್ನು ನಾಳೆಗೆ ತಳ್ಳಬೇಡಿ. ಚಿಹ್ನೆ ಬೇಕು, ಇಟ್ಟುಕೊಳ್ಳಿ. ಲೌಂಡ್ಸ್‌ನ ಜನರೂ ಇಟ್ಟುಕೊಂಡಿದ್ದರು. ಆದರೆ ಅವರ ಚಿರತೆಯ ಕೆಳಗೆ ಏಳು ಮಂದಿ ಅಭ್ಯರ್ಥಿಗಳ ಹೆಸರುಗಳಿದ್ದವು, ಆ ಹೆಸರುಗಳ ಹಿಂದೆ ಹೊಲ ಕಳೆದುಕೊಂಡು ಡೇರೆಯಲ್ಲಿ ಮಲಗಿದ ಜನರಿದ್ದರು. ನಮ್ಮ ಚಿಹ್ನೆಗಳ ಕೆಳಗೆ ಯಾರ ಹೆಸರುಗಳಿವೆ ಎಂದು ಈಗ ಕೇಳಿಕೊಳ್ಳಬೇಕಾಗಿದೆ.